ಕಂಟೋನ್ಮೆಂಟಿನಲ್ಲಿ ಎರಡು ಕೌಲು

ಗುಂತಕಲ್ಲಿನ ಕಡೆಯಿಂದ ಬಂದ ರೈಲುಗಾಡಿ ಬಳ್ಳಾರಿಯ ದೊಡ್ಡ ನಿಲ್ದಾಣವನ್ನು ಬಿಟ್ಟು ಹೊಸಪೇಟೆಯ ದಿಕ್ಕಿಗೆ ಹೊರಟಿತೆಂದರೆ, ಅದರ ವೇಗ ಕೂಡುವ ಮೊದಲೇ ಇನ್ನೊಂದು ಸಣ್ಣ ನಿಲ್ದಾಣ ಎದುರಾಗುತ್ತದೆ. ಫಲಕದ ಮೇಲೆ ‘ಬಳ್ಳಾರಿ ಕಂಟೋನ್ಮೆಂಟ್’ ಎಂಬ ಹೆಸರಿದೆ. ಹೊಸಬರಾದ ಪ್ರಯಾಣಿಕರು ಅದನ್ನು ಓದಿ, ಈಗಲೂ ಇಲ್ಲಿ ದಂಡು ಬೀಡುಬಿಟ್ಟಿರಬೇಕೆಂದು ಕಿಟಕಿಯಿಂದ ಇಣುಕುವುದುಂಟು. ಅವರಿಗೆ ಕಾಣುವವರು ಬಂದೂಕು ಹೊತ್ತ ಸಿಪಾಯಿಗಳಲ್ಲ. ಬೆನ್ನಿಗೆ ಪುಸ್ತಕದ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು. ಕಂಪನಿ ಸರಕಾರದ ದಂಡು ಎಂದೋ ಹೊರಟುಹೋಯಿತು; ಹೆಸರು ಮಾತ್ರ ನೆಲಕ್ಕೆ ಅಂಟಿಕೊಂಡು ಉಳಿಯಿತು. ದಂಡಿನ ಬಯಲುಗಳಲ್ಲಿ ಇಂದು ವಿದ್ಯಾಲಯಗಳು ಎದ್ದಿವೆ.

ಬಳ್ಳಾರಿಯನ್ನು ಕಂಡವರೆಲ್ಲ ಮೊದಲು ಹೇಳುವುದು ಅದರ ಬಿಸಿಲನ್ನು; ಎರಡನೆಯದಾಗಿ ಅದರ ಬಂಡೆಗಳನ್ನು. ಊರಿನ ನಡುವೆ ಎರಡು ಬೆಟ್ಟಗಳು ನಿಂತಿವೆ. ಒಂದು ಕೋಟೆಯನ್ನು ಹೊತ್ತ ಬಳ್ಳಾರಿ ಗುಡ್ಡ. ಇನ್ನೊಂದು ಕುಂಬಾರ ಗುಡ್ಡ. ಇವೆರಡರ ಸುತ್ತ ಹರಡಿಕೊಂಡ ಊರು 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಇಂಗ್ಲಿಷರ ಕಂಪನಿಗೆ ದತ್ತವಾಯಿತು. ಆಗ ಹೀಗೆ ಕೈ ಬದಲಾದ ಸೀಮೆಗೆಲ್ಲ ದತ್ತಮಂಡಲವೆಂಬ ಹೆಸರು ಬಂದಿತು. ಥಾಮಸ್ ಮನ್ರೋ ಅದರ ಮೊದಲ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಈ ಪ್ರಾಂತದಲ್ಲಿ ದುಡಿದನು. ಹೊಸ ಒಡೆಯರು ಬಂದಲ್ಲಿ ದಂಡು ಬರುವುದು ಸಹಜ. ದಂಡು ಬಂದಲ್ಲಿ ಅಂಗಡಿಗಳು ಬರುವುದೂ ಸಹಜ. ಸಿಪಾಯಿಗಳಿಗೆ ಬೇಕಾದುದನ್ನು ಮಾರುತ್ತ, ಅವರ ಬಟ್ಟೆಗಳನ್ನು ಹೊಲಿಯುತ್ತ ಬೆಳೆದ ಪೇಟೆಗಳಲ್ಲಿ ಕೌಲ್ ಬಜಾರು ಮುಖ್ಯವಾದುದು. ಇಂದು ದೇಶದ ನಾನಾ ಕಡೆಗೆ ಹೋಗುವ ಬಳ್ಳಾರಿಯ ಜೀನ್ಸ್ ಉಡುಪಿನ ಉದ್ಯಮಕ್ಕೆ ಆ ದರ್ಜಿಗಳ ಸೂಜಿಯೇ ಮೂಲವೆಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕೌಲ್ ಬಜಾರಿನ ಹೆಸರಿನಲ್ಲಿರುವ ‘ಕೌಲು’ ಎಂಬ ಪದವನ್ನು ಓದುಗರು ಸ್ವಲ್ಪ ನಿಂತು ನೋಡಬೇಕು. ಕೌಲು ಎಂದರೆ ಕೊಟ್ಟ ಮಾತು, ಅಭಯ, ಕರಾರು. ಯುದ್ಧಕ್ಕೋ ಬರಕ್ಕೋ ಹೆದರಿ ಊರು ಬಿಟ್ಟ ರೈತನನ್ನು ಮರಳಿ ಕರೆಯುವಾಗ, ಪಾಳುಬಿದ್ದ ಹೊಲವನ್ನು ಉಳಲು ಒಪ್ಪಿಸುವಾಗ, ಸರಕಾರ ಅವನ ಕೈಗೆ ಒಂದು ಕೌಲುಪತ್ರವನ್ನು ಕೊಡುತ್ತಿತ್ತು. ಮೊದಲ ವರ್ಷ ಇಷ್ಟು ಕಡಿಮೆ ಕಂದಾಯ, ಮುಂದಿನ ವರ್ಷ ಇಷ್ಟು, ಅದರಾಚೆ ಪೂರ್ತಿ ಎಂದು ಅದರಲ್ಲಿ ಏರುತ್ತ ಹೋಗುವ ಲೆಕ್ಕವಿರುತ್ತಿತ್ತು. ಮೊದಲ ವರ್ಷದ ಸಾಲನ್ನು ಮಾತ್ರ ಓದಿ ಹಿಗ್ಗಿದವನು ಮೂರನೆಯ ವರ್ಷ ಕಣ್ಣೀರಿಟ್ಟಾನು. ಕೊನೆಯ ಸಾಲಿನವರೆಗೆ ಓದಿಸಿ ಕೇಳಿದವನು ನೆಲೆನಿಂತಾನು.

ದಂಡಿನೊಂದಿಗೆ ಹುಟ್ಟಿದ ಆ ಪದಕ್ಕೆ ಇಂದಿನ ಕಂಟೋನ್ಮೆಂಟಿನಲ್ಲಿ ಕೆಲಸ ತಪ್ಪಿಲ್ಲ. ಪ್ರತಿ ವರ್ಷ ಜೂನ್–ಜುಲೈ ತಿಂಗಳುಗಳಲ್ಲಿ ಇಲ್ಲಿನ ರಸ್ತೆಗಳಲ್ಲಿ ಕೈಯಲ್ಲೊಂದು ಕಾಗದ ಹಿಡಿದು, ಮುಖದಲ್ಲೊಂದು ಪ್ರಶ್ನೆ ಹೊತ್ತು ನಡೆಯುವ ತಂದೆ–ಮಕ್ಕಳನ್ನು ಯಾರಾದರೂ ಕಾಣಬಹುದು. ಆ ಕಾಗದ ವಿದ್ಯಾಲಯದವರು ಕೊಟ್ಟ ಕೌಲು: ಬನ್ನಿ, ನಿಮಗೆ ಇಲ್ಲಿ ಸ್ಥಳವಿದೆ, ಇಂಥ ದಿನದೊಳಗೆ ಶುಲ್ಕ ಕಟ್ಟಿರಿ ಎಂಬ ಮಾತು. ಒಂದೇ ಕೌಲು ಕೈಯಲ್ಲಿದ್ದವರಿಗೆ ಚಿಂತೆ ಕಡಿಮೆ. ಎರಡು ಕೌಲು ಬಂದವರ ಪಾಡು ಬೇರೆ.

ಅಂಥ ಒಂದು ಜೊತೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ತಂದೆ ಸಿರುಗುಪ್ಪದ ಹತ್ತಿರದ ಹಳ್ಳಿಯ ರೈತ. ತುಂಗಭದ್ರೆಯ ಕಾಲುವೆಯ ನೀರನ್ನು ನಂಬಿ ಬತ್ತ ಬೆಳೆಯುವವನು. ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಮೊದಲ ವರ್ಷವನ್ನು ಮುಗಿಸಿದ್ದಾಳೆ. ಬೇಸಿಗೆಯ ಬೆಳೆಗೆ ಕಾಲುವೆಯಲ್ಲಿ ನೀರು ಬಾರದೆ ಹೋದ ವರ್ಷ ಬೆಂಗಳೂರಿನ ವಸತಿಯ ಖರ್ಚು ಮನೆಗೆ ಭಾರವಾಯಿತು. ಓದನ್ನು ನಿಲ್ಲಿಸುವ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ; ಆದರೆ ಓದುವ ಸ್ಥಳವನ್ನು ಬದಲಿಸದೆ ಗತಿಯಿರಲಿಲ್ಲ. ಎರಡು ಕಡೆಗೆ ಅರ್ಜಿ ಹೋಯಿತು. ಧಾರವಾಡದಿಂದ ಒಂದು ಒಪ್ಪಿಗೆ ಬಂದಿತು, ಬಳ್ಳಾರಿಯಿಂದ ಒಂದು. ಎರಡಕ್ಕೂ ಉತ್ತರ ಕೊಡಬೇಕಾದ ಕಡೆಯ ದಿನ ಒಂದೇ ವಾರದಲ್ಲಿದೆ. ತಪ್ಪಿದರೆ ಒಂದು ವರ್ಷ ಮಣ್ಣುಪಾಲು.

ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿಲೋಮೀಟರು. ಬತ್ತದ ಗದ್ದೆಗಳ ಹಸುರನ್ನೂ ಅಕ್ಕಿ ಗಿರಣಿಗಳ ಹೊಗೆಯನ್ನೂ ಹಿಂದೆ ಬಿಟ್ಟು, ತೆಕ್ಕಲಕೋಟೆಯ ಗುಂಡುಬಂಡೆಗಳನ್ನು ಹಾದು ಬಸ್ಸು ಬರುತ್ತದೆ. ಆ ಬಂಡೆಗಳ ಸಂದಿಯಲ್ಲಿ ನವಶಿಲಾಯುಗದ ಜನ ಬಾಳಿದ ಕುರುಹುಗಳು ದೊರೆತಿವೆ. ನೀರು ಎಲ್ಲಿದೆ, ನೆರಳು ಎಲ್ಲಿದೆ ಎಂದು ನೋಡಿ ನೆಲೆಯನ್ನು ಆರಿಸಿಕೊಳ್ಳುವ ಚಿಂತೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಬಳ್ಳಾರಿಯಲ್ಲಿ ಬಸ್ಸಿನಿಂದಿಳಿದರೆ ಕುರುಗೋಡಿನ ಕಡೆಯ ಬಸ್ಸುಗಳಿಂದ ಇಳಿದ ವಿದ್ಯಾರ್ಥಿಗಳ ಗುಂಪೂ ಅಲ್ಲೇ ಸೇರುತ್ತದೆ. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ, ದೊಡ್ಡಬಸವೇಶ್ವರನ ಏಕಶಿಲೆಯ ನಂದಿಯಿಂದ ಹೆಸರಾದ ಕುರುಗೋಡಿನಿಂದಲೂ ಓದಿಗಾಗಿ ದಿನವೂ ಬಂದುಹೋಗುವವರಿದ್ದಾರೆ. 2023ರ ಜೂನ್ ತಿಂಗಳಿನಲ್ಲಿ ರಾಜ್ಯ ಸರಕಾರ ಹೆಂಗಸರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಯೋಜನೆಯನ್ನು ಆರಂಭಿಸಿದ ಮೇಲೆ ಎಷ್ಟೋ ಮನೆಗಳಲ್ಲಿ ಈ ಲೆಕ್ಕವೇ ಬದಲಾಯಿತು. ಹಾಸ್ಟೆಲಿನ ಖರ್ಚು ಒಂದು ತಟ್ಟೆಯಲ್ಲಿ, ಬಸ್ಸಿನ ಮೂರು ತಾಸಿನ ದಣಿವು ಇನ್ನೊಂದು ತಟ್ಟೆಯಲ್ಲಿ. ತಕ್ಕಡಿ ಹಿಡಿದವರು ಮಾತ್ರ ಹೆಣ್ಣುಮಕ್ಕಳೇ.

ನಿಲ್ದಾಣದ ಹತ್ತಿರದ ಅಂಗಡಿಯೊಂದರಲ್ಲಿ ತಂದೆ–ಮಗಳು ಉಗ್ಗಾಣಿ ತಿನ್ನಲು ಕುಳಿತರು. ನೆನೆಸಿ ಹಿಂಡಿದ ಮಂಡಾಳಿಗೆ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಪುಡಿಯನ್ನು ಉದುರಿಸಿ, ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿಯನ್ನಿಟ್ಟು ಕೊಡುವ ಈ ತಿಂಡಿಯನ್ನು ಬಿಟ್ಟು ಬಳ್ಳಾರಿಯ ಬೆಳಗನ್ನು ನೆನೆಯುವುದು ಕಷ್ಟ. ತಂದೆಯ ಮನಸ್ಸು ಮಾತ್ರ ತಿಂಡಿಯ ಮೇಲಿರಲಿಲ್ಲ.

“ನಾನಂತೂ ಹತ್ತನೇತ್ತ ದಾಟಲಿಲ್ಲ, ಯವ್ವಾ. ಧಾರವಾಡದಾಗ ಓದಿದವರು ಅಂದ್ರ ಊರಾಗ ಒಂದು ಮರ್ಯಾದಿ ಐತಿ. ನೀನಾದ್ರೂ ಅಲ್ಲಿ ಓದು.”

“ಮರ್ಯಾದಿ ಸರಿ ಅಪ್ಪಾ. ನಾನು ಬರೆದು ಪಾಸಾದದ್ದಕ್ಕ ಅವರು ಎಷ್ಟು ಬೆಲೆ ಕೊಡ್ತಾರ, ಅದನ್ನ ಮೊದಲು ನೋಡೋಣ.”

ವಾಡಿಕೆಯಂತೆ ಊರಿಗೆ ಹತ್ತಿರವಾದುದನ್ನು ಹಿರಿಯರು ಬಯಸುತ್ತಾರೆ, ದೂರದ್ದನ್ನು ಕಿರಿಯರು ಬಯಸುತ್ತಾರೆ. ಇಲ್ಲಿ ಅದು ತಿರುಗುಮುರುಗಾಗಿತ್ತು. ಒಂದು ವರ್ಷ ದೂರದಲ್ಲಿದ್ದು ಬಂದ ಮಗಳಿಗೆ ದೂರದ ಮೋಹ ಅಷ್ಟಾಗಿ ಉಳಿದಿರಲಿಲ್ಲ. ಎಂದೂ ದೂರ ಹೋಗದ ತಂದೆಗೆ ಅದು ತೀರದೆ ಉಳಿದಿತ್ತು.

ಅವರಿಬ್ಬರು ಕಂಟೋನ್ಮೆಂಟಿನ ರಸ್ತೆಗಳಲ್ಲಿ ನಡೆದು ಹೋಗುವಾಗ ಎದುರಾಗುವ ಕಟ್ಟಡಗಳನ್ನು ಎಣಿಸಿದರೆ ಸಾಕು, ದಂಡಿನ ನೆಲ ವಿದ್ಯೆಯ ನೆಲವಾದ ಕಥೆ ತಿಳಿಯುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ತುರ್ಕಿಯ ಸೈನಿಕರನ್ನು ಸೆರೆಯಾಳುಗಳಾಗಿ ತಂದಿಟ್ಟ ಊರು ಇದು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಅಲ್ಲೀಪುರದ ಸೆರೆಮನೆಯ ಹೆಸರು ದಕ್ಷಿಣದ ಮನೆಮನೆಗೆ ತಿಳಿದಿತ್ತು. ತಮ್ಮ ಇಚ್ಛೆಯಿಲ್ಲದೆ ಬಂದವರ ಊರಾಗಿದ್ದುದು ಕ್ರಮೇಣ ಇಚ್ಛೆಪಟ್ಟು ಬರುವವರ ಊರಾಯಿತು. ವೀರಶೈವ ವಿದ್ಯಾವರ್ಧಕ ಸಂಘದವರು 1945ರಲ್ಲಿ ವೀರಶೈವ ಕಾಲೇಜನ್ನು ತೆರೆದರು. 1961ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿತು. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೆಂದು ಹೆಸರಾಯಿತು. 1980ರಲ್ಲಿ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪನವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಕಡೆಗೆ 2010ರಲ್ಲಿ ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳಿಗಾಗಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪಿತವಾಗಿ, ಅದರ ‘ಜ್ಞಾನಸಾಗರ’ ಆವರಣ ಈ ಕಂಟೋನ್ಮೆಂಟಿನಲ್ಲಿಯೇ ನೆಲೆಗೊಂಡಿತು. ಊರಿಗೊಂದು ಕಾಲೇಜು ಬೇಕೆಂದು ಕೇಳಿದ ಜನಕ್ಕೆ ವಿಶ್ವವಿದ್ಯಾಲಯವೇ ಮನೆಬಾಗಿಲಿಗೆ ಬಂದುದು ಹೀಗೆ.

ಈ ಊರಿನ ವಿದ್ಯೆಯ ಚರಿತ್ರೆಯಲ್ಲಿ ಒಂದು ವಿಶೇಷವಿದೆ. ಬೇರೆ ಕಡೆ ವಿದ್ಯಾರ್ಥಿಗಳು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗವಾಗುತ್ತಾರೆ; ಬಳ್ಳಾರಿಯಲ್ಲಿ ಊರೇ ವರ್ಗವಾಗುತ್ತ ಬಂದಿದೆ. ಇಲ್ಲಿ ಮೊದಲು ಪದವಿ ಪಡೆದವರ ಪ್ರಮಾಣಪತ್ರದ ಮೇಲೆ ಮದರಾಸು ವಿಶ್ವವಿದ್ಯಾಲಯದ ಮುದ್ರೆಯಿತ್ತು. ಕಾಲಕ್ರಮದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ ಬಂದಿತು. 1980ರಲ್ಲಿ ಗುಲಬರ್ಗ ವಿಶ್ವವಿದ್ಯಾಲಯ ಪ್ರತ್ಯೇಕವಾದಾಗ ಬಳ್ಳಾರಿ ಅದರ ಪಾಲಿಗೆ ಹೋಯಿತು. 2010ರಿಂದ ಸ್ವಂತ ಊರಿನ ಮುದ್ರೆ. ಒಂದೇ ಮನೆಯಲ್ಲಿ ತಾತ, ತಂದೆ, ಮಗ, ಮೊಮ್ಮಗಳು ಒಂದೇ ಊರಿನಲ್ಲಿ ಓದಿದ್ದರೂ ಗೋಡೆಯ ಮೇಲೆ ನಾಲ್ಕು ವಿಶ್ವವಿದ್ಯಾಲಯಗಳ ಪದವಿಪತ್ರಗಳು ತೂಗುವುದು ಇಲ್ಲಿ ಸಾಧ್ಯ. ಪುಸ್ತಕವನ್ನು ಓದಿದ ಕಣ್ಣುಗಳು ಅವೇ, ದೀಪ ಹಚ್ಚಿದ ಮನೆಯೂ ಅದೇ, ಬದಲಾದುದು ಮುದ್ರೆ.

ಕನ್ನಡದ ಮೊದಲ ವೃತ್ತಪತ್ರಿಕೆಯೂ ಇಲ್ಲಿಗೆ ವರ್ಗವಾಗಿಯೇ ಬಂದಿತೆಂಬುದು ಅನೇಕರಿಗೆ ತಿಳಿಯದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಸ್ಥಳ ಬದಲಾದಾಗ ಹೆಸರು ಹಿಗ್ಗಿತು. ಒಂದು ಊರಿನ ಸಮಾಚಾರವಾಗಿದ್ದುದು ಒಂದು ನುಡಿಯ ಸಮಾಚಾರವಾಯಿತು. ವರ್ಗಾವಣೆಯೆಂದರೆ ಯಾವಾಗಲೂ ನಷ್ಟವೆಂದು ಭಾವಿಸುವವರು ಇದನ್ನು ನೆನೆಯಬೇಕು.

ಎರಡು ಕೌಲುಗಳ ನಡುವೆ ನಿಂತು ತೊಳಲಿದ ಅನುಭವವೂ ಈ ಊರಿಗೆ ಹೊಸದಲ್ಲ. 1953ರಲ್ಲಿ ಆಂಧ್ರ ರಾಜ್ಯವನ್ನು ಪ್ರತ್ಯೇಕಿಸುವ ಪ್ರಶ್ನೆ ಬಂದಾಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳನ್ನು ಹಂಚಬೇಕಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆಂದೂ, ಸಿರುಗುಪ್ಪ, ಹೊಸಪೇಟೆ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಸಂಡೂರುಗಳು ಮೈಸೂರಿಗೆಂದೂ ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ತೀರ್ಮಾನವಾಯಿತು. ಸಿರುಗುಪ್ಪದ ಹಾದಿ ಹೀಗೆ ನಿಶ್ಚಯವಾದರೂ ಬಳ್ಳಾರಿ ತಾಲೂಕು ಮಾತ್ರ ನಡುವೆ ಉಳಿಯಿತು. ಕನ್ನಡ–ತೆಲುಗುಗಳೆರಡೂ ಒಂದೇ ಜಗುಲಿಯ ಮೇಲೆ ಕುಳಿತು ಮಾತಾಡುವ ಊರು. ನಟ ಬಳ್ಳಾರಿ ರಾಘವರಂಥವರನ್ನು ಎರಡು ಭಾಷೆಯವರೂ ತಮ್ಮವರೆಂದು ಕರೆದ ಊರು. ಅದನ್ನು ಯಾವ ಕಡೆಗೆ ಸೇರಿಸುವುದು? ಹೈದರಾಬಾದು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಎಲ್. ಎಸ್. ಮಿಶ್ರರ ಮುಂದೆ ಆ ಪ್ರಶ್ನೆಯನ್ನಿಡಲಾಯಿತು. ಅವರ ವರದಿಯ ಮೇರೆಗೆ ತಾಲೂಕಿನ ಬಹುಭಾಗ ಮೈಸೂರಿಗೆ ಸೇರಿ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಬಿಡುಗಡೆ ಹೊಂದಿತು.

ಆ ದಿನ ಊರು ಪಡೆದುದನ್ನು ಚರಿತ್ರೆ ಬರೆದಿದೆ. ಬಿಟ್ಟುಕೊಟ್ಟುದನ್ನು ಮನೆಗಳು ನೆನೆದಿವೆ. ಆದವಾನಿಯ ಹತ್ತಿಯ ಪೇಟೆ, ರಾಯದುರ್ಗದ ಬೀಗರು, ಅನಂತಪುರದ ದತ್ತಮಂಡಲ ಕಾಲೇಜಿನ ಹಳೆಯ ನಂಟು, ಇವೆಲ್ಲ ಗಡಿಯ ಆಚೆಗೆ ಉಳಿದವು. ಎರಡು ಕೌಲುಗಳಲ್ಲಿ ಒಂದನ್ನು ಒಪ್ಪುವುದೆಂದರೆ ಇನ್ನೊಂದನ್ನು ಮಡಿಸಿ ಪೆಟ್ಟಿಗೆಯಲ್ಲಿಡುವುದು. ಅದರ ನೋವಿಲ್ಲದ ಆಯ್ಕೆ ಊರಿಗೂ ಇಲ್ಲ, ವಿದ್ಯಾರ್ಥಿಗೂ ಇಲ್ಲ.

ಸಿರುಗುಪ್ಪದ ತಂದೆ–ಮಗಳು ಕಚೇರಿಯ ಮೆಟ್ಟಿಲೇರುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಗುಮಾಸ್ತರು ವಯಸ್ಸಾದವರು, ಇಂಥ ನೂರಾರು ಮಂದಿಯನ್ನು ನೋಡಿದವರು. ಎರಡೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟು ಕನ್ನಡಕ ಸರಿಮಾಡಿಕೊಂಡರು.

“ಯಜಮಾನ್ರೆ, ಯಾವ ವಿಶ್ವವಿದ್ಯಾಲಯ ದೊಡ್ಡದು ಅಂತ ನನ್ನನ್ನು ಕೇಳಬೇಡಿ. ಅದನ್ನು ರಸ್ತೆಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ನೋಡಮ್ಮ, ನೀನು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.”

ಅವರು ಒಂದೊಂದಾಗಿ ಹೇಳಿದ ಮಾತುಗಳು ಸ್ಥಳ ಬದಲಿಸುವ ಎಲ್ಲ ವಿದ್ಯಾರ್ಥಿಗಳ ಮನೆಯವರಿಗೂ ಉಪಯುಕ್ತವಾದವು.

ಮೊದಲನೆಯದು, ಮುಗಿಸಿ ಬಂದ ವರ್ಷಕ್ಕೆ ಸಿಗುವ ಮನ್ನಣೆ. ಹೊಸ ವಿಶ್ವವಿದ್ಯಾಲಯ ಹಳೆಯ ಪಠ್ಯಕ್ರಮವನ್ನು ತನ್ನದರೊಂದಿಗೆ ಹೋಲಿಸಿ, ಯಾವ ವಿಷಯ ಸಮಾನ, ಯಾವುದು ಕೊರತೆ ಎಂದು ಗೊತ್ತುಮಾಡುತ್ತದೆ. ಕೊರತೆಯಾದುದನ್ನು ಮುಂದಿನ ವರ್ಷದ ಪಾಠಗಳೊಂದಿಗೆ ಬರೆದು ತೀರಿಸಬೇಕು. ಕರ್ನಾಟಕದಲ್ಲಿ ಈ ಹೋಲಿಕೆ ಈಚೆಗೆ ಮತ್ತಷ್ಟು ತೊಡಕಾಯಿತು. 2021–22ರಲ್ಲಿ ನಾಲ್ಕು ವರ್ಷಗಳ ಪದವಿಯ ಕ್ರಮ ಬಂದಿತು. 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷಗಳ ಕ್ರಮ ಬಂದಿತು. ಯಾವ ವರ್ಷ ಯಾವ ಕ್ರಮದಲ್ಲಿ ಸೇರಿದ್ದೆಂಬುದನ್ನು ನೋಡದೆ ಹೋಲಿಕೆ ಮಾಡುವಂತಿಲ್ಲ.

ಎರಡನೆಯದು, ಗಳಿಸಿದ ಕ್ರೆಡಿಟ್‌ಗಳು. ಬ್ಯಾಂಕಿನಲ್ಲಿ ಹಣವಿಟ್ಟಂತೆ ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಕೂಡಿಡುವ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲಿ ಹೊರಡಿಸಿತು. ಪದವಿಯನ್ನು ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟನ್ನು ಗಳಿಸಿರಬೇಕೆಂದು ಅದರಲ್ಲಿ ಹೇಳಿದೆ. ಮೊದಲ ವರ್ಷದ ನಂತರ ಹೊರಟವರಿಗೆ ಇದರಿಂದ ಭಯವಿಲ್ಲ. ಮೂರನೆಯ ವರ್ಷದ ಹೊಸ್ತಿಲಲ್ಲಿ ಹೊರಟವರಿಗೆ ಇದು ದೊಡ್ಡ ಗೋಡೆ. ವರ್ಗಾವಣೆಗೂ ಒಂದು ಹದವಿದೆ; ಬಿತ್ತನೆಯಂತೆ.

ಮೂರನೆಯದು, ಕಾಗದಪತ್ರಗಳ ಸರದಿ. ಹಳೆಯ ಕಾಲೇಜಿನ ವರ್ಗಾವಣೆ ಪತ್ರ, ಹಳೆಯ ವಿಶ್ವವಿದ್ಯಾಲಯದ ಮೈಗ್ರೇಷನ್ ಸರ್ಟಿಫಿಕೇಟ್, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಮುದ್ರೆಯೊತ್ತಿದ ಪಠ್ಯಕ್ರಮದ ಪ್ರತಿ. ಇವಿಷ್ಟೂ ಕೈಗೆ ಬಂದ ಮೇಲೆಯೇ ಹೊಸ ಬಾಗಿಲು ಪೂರ್ತಿ ತೆರೆಯುವುದು. ಒಮ್ಮೆ ಮೈಗ್ರೇಷನ್ ಪಡೆದರೆ ಹಳೆಯ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಆದಕಾರಣ ಹೊಸ ಕಡೆಯ ಒಪ್ಪಿಗೆ ಬರಹದಲ್ಲಿ ಬರುವ ಮೊದಲು ಹಳೆಯದನ್ನು ಕಳಚಿಕೊಳ್ಳುವುದು ವಿವೇಕವಲ್ಲ.

“ಇನ್ನೊಂದು ಭಯ ಐತ್ರಿ,” ಎಂದ ತಂದೆ. “ನಮ್ಮ ಭಾಗಕ್ಕ ಅಂತ ಮೀಸಲಾತಿ ಕೊಟ್ಟಾರಲ್ಲ, ಹೊರಗ ಓದಿದ್ರ ಅದು ಹೋಗತೈತಿ ಅಂತ ಊರಾಗ ಹೇಳ್ತಾರ.”

ಈ ಭಯ ಬಳ್ಳಾರಿಯ ಎಷ್ಟೋ ಮನೆಗಳದ್ದು. ಸಂವಿಧಾನಕ್ಕೆ 371ಜೆ ವಿಧಿ ಸೇರಿದ ಮೇಲೆ ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಜಿಲ್ಲೆಗಳ ಸ್ಥಳೀಯರಿಗೆ ಆ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳೂ, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳೂ ಮೀಸಲಾದವು. ನಿಜಾಮನ ರಾಜ್ಯದಲ್ಲಿ ಉಳಿಯದೆ ಮದರಾಸಿಗೆ ಸೇರಿದ್ದ ಬಳ್ಳಾರಿಯೂ ಆ ಸಾಲಿನಲ್ಲಿ ಸೇರಿತು. ಇದೂ ಒಂದು ವರ್ಗಾವಣೆಯೇ. ಆದರೆ ಸ್ಥಳೀಯನೆಂಬ ಅರ್ಹತೆ ಹುಟ್ಟನ್ನೂ ವಾಸವನ್ನೂ ನೋಡಿ ಬರುವುದೇ ಹೊರತು ಪದವಿಪತ್ರದ ಮುದ್ರೆಯನ್ನು ನೋಡಿ ಅಲ್ಲ. ಸಿರುಗುಪ್ಪದಲ್ಲಿ ಹುಟ್ಟಿ ಬೆಳೆದವಳು ಧಾರವಾಡದಲ್ಲಿ ಓದಿದ ಮಾತ್ರಕ್ಕೆ ಸಿರುಗುಪ್ಪದವಳಲ್ಲದೆ ಹೋಗುವುದಿಲ್ಲ. ಹೀಗೆಂದು ಗುಮಾಸ್ತರು ಬಿಡಿಸಿ ಹೇಳಿದಾಗ ತಂದೆಯ ಮುಖ ಅರಳಿತು. ಧಾರವಾಡದ ಹಾದಿಯಲ್ಲಿದ್ದ ಒಂದು ಕಲ್ಲು ಸರಿದಿತ್ತು.

ಉಳಿದ ಲೆಕ್ಕವನ್ನು ಮಗಳೇ ಮಾಡಿದಳು. ಕಚೇರಿಯ ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತು ನೋಟುಪುಸ್ತಕದ ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿದಳು. ಧಾರವಾಡದ ಕಡೆ: ಹೆಸರು, ದೊಡ್ಡ ಗ್ರಂಥಾಲಯ, ನಾನಾ ಜಿಲ್ಲೆಗಳ ಸಹಪಾಠಿಗಳು, ಬಳ್ಳಾರಿಯ ಬಿಸಿಲಿಲ್ಲದ ಹವೆ. ಅದರ ಕೆಳಗೆ: ಮತ್ತೆ ಬರೆಯಬೇಕಾದ ಎರಡು ವಿಷಯಗಳು, ಹಾಸ್ಟೆಲಿನ ಸ್ಥಾನ ಇನ್ನೂ ನಿಶ್ಚಯವಿಲ್ಲ. ಬಳ್ಳಾರಿಯ ಕಡೆ: ಬರೆದುದೆಲ್ಲಕ್ಕೂ ಮನ್ನಣೆ, ಮನೆಯ ಊಟ. ಅದರ ಕೆಳಗೆ: ದಿನಕ್ಕೆ ಮೂರು ತಾಸು ಬಸ್ಸು, ಸಂಜೆ ಪ್ರಯೋಗಶಾಲೆ ತಡವಾದರೆ ಏನು ಮಾಡುವುದೆಂಬ ಚಿಂತೆ.

ಅಲ್ಲಿಂದ ದೂರಕ್ಕೆ ಕೋಟೆಯ ಗುಡ್ಡ ಕಾಣುತ್ತಿತ್ತು. ಅದನ್ನು ನೋಡುತ್ತ ತಂದೆಗೆ ಬಾಲ್ಯದಲ್ಲಿ ಕೇಳಿದ ಕಥೆ ನೆನಪಾಯಿತು. ಬಳ್ಳಾರಿಯವರೆಲ್ಲ ಬಲ್ಲ ಜನಶ್ರುತಿ ಅದು. ಮೇಲಿನ ಕೋಟೆಯನ್ನು ಪಾಳೆಯಗಾರ ಹನುಮಪ್ಪ ನಾಯಕನು ಕಟ್ಟಿಸಿದ್ದನು. ಹದಿನೆಂಟನೆಯ ಶತಮಾನದಲ್ಲಿ ಊರು ಹೈದರಾಲಿಯ ವಶವಾದಾಗ ಅವನು ಒಬ್ಬ ಫ್ರೆಂಚ್ ಎಂಜಿನಿಯರನಿಂದ ಅದನ್ನು ಬಲಪಡಿಸಿ ಕೆಳಕೋಟೆಯನ್ನೂ ಕಟ್ಟಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿದ್ದು, ಅಲ್ಲಿ ನಿಂತವನಿಗೆ ಕೋಟೆಯ ಒಳಗೆಲ್ಲ ಕಾಣುತ್ತದೆಂಬುದು ಹೈದರನ ಕಣ್ಣಿಗೆ ಬಿದ್ದಿತಂತೆ. ಎಂಜಿನಿಯರನನ್ನು ಕೋಟೆಯ ಬಾಗಿಲಿನಲ್ಲೇ ಗಲ್ಲಿಗೇರಿಸಿದರೆಂದು ಕಥೆ ಮುಗಿಯುತ್ತದೆ.

“ನೋಡಿದೆಯಾ ಯವ್ವಾ? ಎತ್ತರದ ಗುಡ್ಡ ಬಿಟ್ಟು ತಗ್ಗಿನದನ್ನ ಹಿಡಿದವನ ಗತಿ!”

ಮಗಳು ನಕ್ಕಳು. “ಅಪ್ಪಾ, ಅವನು ತಗ್ಗಿನ ಗುಡ್ಡ ಹಿಡಿದದ್ದು ತಪ್ಪಲ್ಲ. ಕೋಟೆ ಮೊದಲೇ ಅಲ್ಲಿತ್ತು. ಕಟ್ಟಾಕ ಶುರು ಮಾಡೋ ಮೊದಲು ಎದುರಿನ ಗುಡ್ಡ ಏರಿ ನೋಡಲಿಲ್ಲ, ಅದು ತಪ್ಪು.”

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಮಗಳ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು ಎರಡು ಕಡೆಯನ್ನೂ ನಿಧಾನವಾಗಿ ಓದಿದ. ಅವಳು ಎದುರಿನ ಗುಡ್ಡವನ್ನು ಏರಿ ನೋಡಿಯೇ ಬಂದಿದ್ದಳು. ಒಂದು ವರ್ಷ ಬೆಂಗಳೂರಿನಲ್ಲಿ. ದೊಡ್ಡ ಊರಿನ ಹೆಸರು ತಿಂಗಳ ಕೊನೆಯಲ್ಲಿ ಊಟದ ಬಿಲ್ಲನ್ನು ಕಟ್ಟುವುದಿಲ್ಲವೆಂಬುದನ್ನು ತಂದೆಗಿಂತ ಅವಳೇ ಹತ್ತಿರದಿಂದ ಕಂಡಿದ್ದಳು.

“ಹಂಗಾದ್ರ ಧಾರವಾಡ?”

“ಎಮ್ಮೆಸ್ಸಿಗೆ ನೋಡೋಣ ಅಪ್ಪಾ. ಆಗ ಇಡೀ ಪದವಿ ಕೈಯಾಗ ಇರತೈತಿ; ಅರ್ಧ ಹಿಡಕೊಂಡು ಹೋಗೋದು ತಪ್ಪತೈತಿ.”

ಇದೇ ತೀರ್ಮಾನ ಎಲ್ಲರಿಗೂ ಸರಿಯೆಂದು ಹೇಳಲಾಗದು. ಕುರುಗೋಡಿನ ಇನ್ನೊಬ್ಬ ವಿದ್ಯಾರ್ಥಿಗೆ ಧಾರವಾಡದಲ್ಲಿ ಎಲ್ಲ ವಿಷಯಗಳೂ ಸಮಾನವೆಂದು ಒಪ್ಪಿತವಾಗಿ, ಹಾಸ್ಟೆಲಿನಲ್ಲಿ ಸ್ಥಾನವೂ ದೊರೆತಿದ್ದರೆ ಅವನು ಪಶ್ಚಿಮದ ಗಾಡಿಯನ್ನು ಹತ್ತುವುದೇ ಯೋಗ್ಯ. ಹೊಸ ಊರು, ಹೊಸ ಗುರುಗಳು, ಹೊಸ ಗೆಳೆಯರು ಕಲಿಸುವ ಪಾಠ ಯಾವ ಪಠ್ಯಕ್ರಮದಲ್ಲಿಯೂ ಇಲ್ಲ. ಅದನ್ನು ಬಿಟ್ಟುಕೊಡುವುದು ಸಣ್ಣ ನಷ್ಟವಲ್ಲ. ಆದರೆ ಕೌಲಿನ ಬೆಲೆ ಅದರ ಮೇಲಿನ ಮುದ್ರೆಯ ಗಾತ್ರದಲ್ಲಿಲ್ಲ. ಬರುವವನು ಹೊತ್ತು ತಂದುದನ್ನು ಅದು ಎಷ್ಟು ಗೌರವಿಸುತ್ತದೆ, ಮೂರನೆಯ ವರ್ಷದ ಸಾಲಿನಲ್ಲಿ ಏನು ಬರೆದಿದೆ ಎಂಬುದರಲ್ಲಿದೆ. ಪಾಳುಭೂಮಿಯ ಕೌಲನ್ನು ಹಿಡಿದ ಹಳೆಯ ರೈತನಿಗೆ ಗೊತ್ತಿದ್ದುದು ಅಷ್ಟೇ. ಮೈಗ್ರೇಷನ್ ಪತ್ರವನ್ನು ಹಿಡಿದ ಇಂದಿನ ರೈತನ ಮಗಳಿಗೆ ಬೇಕಾದುದೂ ಅಷ್ಟೇ. ನಾಲ್ಕು ವಿಶ್ವವಿದ್ಯಾಲಯಗಳ ಮುದ್ರೆಗಳನ್ನು ಕಂಡ ಈ ಊರಿನಲ್ಲಿ ಮುದ್ರೆಗಿಂತ ಓದು ಹೆಚ್ಚು ಕಾಲ ಬಾಳಿದೆ.

ಮಧ್ಯಾಹ್ನ ಶುಲ್ಕ ಕಟ್ಟಿದ ರಸೀದಿಯನ್ನು ಮಡಿಸಿ ಮಗಳು ಪುಸ್ತಕದೊಳಗಿಟ್ಟಳು. ಧಾರವಾಡದ ಕಾಗದವನ್ನು ತಂದೆ ಹರಿಯಲಿಲ್ಲ; ಜೋಪಾನವಾಗಿ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಊರಿನಲ್ಲಿ ನಾಲ್ಕು ಜನಕ್ಕೆ ತೋರಿಸಲು ಅದಾದರೂ ಇರಲಿ ಎಂದು ಅವನ ಮನಸ್ಸು.

ಇಬ್ಬರೂ ರಸ್ತೆಗೆ ಬಂದಾಗ ಹೊಸಪೇಟೆ, ಕೊಪ್ಪಳ, ಗದಗಗಳನ್ನು ಹಾದು ಹುಬ್ಬಳ್ಳಿಗೆ ಹೋಗುವ ಹಳಿಗಳ ಮೇಲೆ ಗಾಡಿಯೊಂದು ಕೂಗುತ್ತ ಪಶ್ಚಿಮಕ್ಕೆ ಸಾಗಿತು. ತಂದೆ ನಿಂತು, ಕಡೆಯ ಡಬ್ಬಿ ಮರೆಯಾಗುವ ತನಕ ನೋಡಿದ. ಮಗಳು ಅವನನ್ನು ಅವಸರಪಡಿಸಲಿಲ್ಲ. ಆಮೇಲೆ ಇಬ್ಬರೂ ಸಿರುಗುಪ್ಪದ ಬಸ್ಸು ನಿಲ್ಲುವ ಕಡೆಗೆ ನಡೆದರು. ನಾಳೆಯಿಂದ ಆ ಹಾದಿಯ ಒಂದೊಂದು ಮೈಲಿಗಲ್ಲೂ ಅವಳಿಗೆ ಪರಿಚಯವಾಗಬೇಕಾಗಿತ್ತು.